ಕೆಂಪು ಗೆರೆಯ ಹಿಂದಿನ ಮುಖ

ಸುಮಿತ್ರಾ, ನಂಜುಂಡಿಯ ಲೆನ್ಸನ್ನು ಕೆಡಿಸಿದವಳು ನಾನು. ನಿನ್ನ ನಿಶ್ಚಿತಾರ್ಥದ ಫೋಟೋಗಳಲ್ಲಿ ನಿನ್ನ ಮುಖ ಮಸುಕಾಗಿ, ನಿನ್ನ ಹಿಂದೆ ಕುರ್ಚಿಯ ಮೇಲಿಟ್ಟಿದ್ದ ಪಟದಲ್ಲಿ ನನ್ನ ಅಕ್ಕನ ಮುಖ ರೆಪ್ಪೆಗೂದಲು ಕಾಣುವಷ್ಟು ಸ್ಪಷ್ಟವಾಗಿ ಬಂದಿತ್ತಲ್ಲ—ಅದು ಸತ್ತವಳ ಕೆಲಸವಲ್ಲ. ಬದುಕಿದ್ದವಳೊಬ್ಬಳು ಬೇಕೆಂದೇ ಮಾಡಿದ್ದು. ಆಮೇಲೆ ನಿನ್ನ ತಂದೆ ನನ್ನ ಅಂಗಡಿಗೆ ಬಂದು ನಿಜ ಹೇಳು ಎಂದು ಕೇಳಿದಾಗ ಸುಳ್ಳು ಹೇಳಿದವಳೂ ನಾನೇ.

ನೀನು ಎಂದು ಕರೆಯುತ್ತಿದ್ದೇನೆ. ಮೊನ್ನೆ ಅಂಗಡಿಗೆ ಬಂದಾಗ ‘ಬನ್ನಿ, ಕೂತ್ಕೊಳ್ಳಿ’ ಎಂದೇ ಮಾತನಾಡಿಸಿದ್ದೆ, ನೆನಪಿದೆ. ಆದರೆ ಆ ಮದುವೆ ನಡೆದಿದ್ದರೆ ನೀನು ನಮ್ಮ ಮನೆಗೆ ಮಗಳಾಗುತ್ತಿದ್ದೆ. ನಮ್ಮ ಕಡೆ ಹಾಗೇ ಅಲ್ಲವೆ—ಸತ್ತವಳ ಜಾಗಕ್ಕೆ ಬಂದವಳಿಗೆ ಅವಳ ತವರೂ ತವರೇ. ಗೌರಿ ಹಬ್ಬಕ್ಕೆ ಅಮ್ಮ ನಿನಗೆ ಬಾಗಿನ ಕೊಡುತ್ತಿದ್ದಳು. ನೀನು ಬಂದು ನನ್ನ ಅಂಗಡಿಯ ಧೂಳು ನೋಡಿ ಮೂಗು ಮುರಿಯುತ್ತಿದ್ದೆ. ಆ ಸಲಿಗೆಯನ್ನು ನಾನೇ ಹಾಳು ಮಾಡಿಕೊಂಡೆ. ಈಗ ಬರವಣಿಗೆಯಲ್ಲಿ ಮಾತ್ರ ಅದನ್ನು ಕೇಳದೆ ತೆಗೆದುಕೊಳ್ಳುತ್ತಿದ್ದೇನೆ, ಸಹಿಸಿಕೋ. ನಿನ್ನೆದುರು ನಿಂತಾಗ ಬಾಯಿ ಕಟ್ಟಿಹೋದೀತೆಂಬ ಭಯಕ್ಕೆ ಮೊದಲು ಬರೆದು ನೋಡುತ್ತಿದ್ದೇನೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಮಾಟಮಂತ್ರದ ಹಾಗೆ ಕೇಳೀತು. ಅರಸೀಕೆರೆಯಲ್ಲಿ ರೈಲು ಹಳಿಯ ಪಕ್ಕದ ನಮ್ಮ ಮನೆಯ ಮುಂಭಾಗದಲ್ಲಿ ಅಪ್ಪನ ಕಾಲದ ಸ್ಟುಡಿಯೋ, ಹಿಂಭಾಗದ ಕೋಣೆಯಲ್ಲಿ ನನ್ನ ರಿಪೇರಿ ಮೇಜು. ಬೂಷ್ಟು ಹಿಡಿದ ಗಾಜು ಒರೆಸುವುದು, ಬಿಗಿದುಕೊಂಡ ಉಂಗುರ ಸಡಿಲಿಸುವುದು, ಮತ್ತು ಫೋಕಸ್ ಹೊಂದಿಸುವುದು. ಕ್ಯಾಮೆರಾ ತಾನಾಗಿಯೇ ಫೋಕಸ್ ಮಾಡಿಕೊಳ್ಳುತ್ತದೆ ಎಂದು ಜನ ನಂಬಿದ್ದಾರೆ. ಮಾಡಿಕೊಳ್ಳುತ್ತದೆ, ಸುಳ್ಳಲ್ಲ. ಆದರೆ ಆಗಿನ ಕನ್ನಡಿಯಿದ್ದ ಕ್ಯಾಮೆರಾಗಳಿಗೂ ಕೆಲವು ಲೆನ್ಸುಗಳಿಗೂ ಅತ್ತೆ ಸೊಸೆಯ ಸಂಬಂಧ. ಅದು ಹೇಳಿದ್ದು ಇದಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ಕಣ್ಣಿಗೆ ಗುರಿಯಿಟ್ಟರೆ ಮೂಗಿನ ತುದಿ ಸ್ಪಷ್ಟವಾಗುತ್ತದೆ, ಇಲ್ಲವೇ ಹಿಂದಿರುವ ಕಿವಿ. ಅದನ್ನು ಸರಿಮಾಡಲು ಕ್ಯಾಮೆರಾದೊಳಗೇ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಚೂರುಚೂರೇ ಮುಂದಕ್ಕೋ ಹಿಂದಕ್ಕೋ ಸರಿಸಿ, ಪ್ರತಿ ಸಲವೂ ಒಂದು ಫೋಟೋ ತೆಗೆದು, ದೊಡ್ಡ ಪರದೆಯ ಮೇಲೆ ನೋಡಬೇಕು. ಬೇಸರದ ಕೆಲಸ. ಫೋಟೋಗ್ರಾಫರುಗಳಿಗೆ ಅಷ್ಟು ತಾಳ್ಮೆಯಿರುವುದಿಲ್ಲ, ನನ್ನ ಹತ್ತಿರ ತಂದು ಒಗೆದು ಹೋಗುತ್ತಿದ್ದರು. ಬೇಲೂರು, ಬಾಣಾವರ, ಗಂಡಸಿ, ಎಲ್ಲ ಕಡೆಯಿಂದಲೂ ಬರುತ್ತಿದ್ದರು. ನನಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ಪರೀಕ್ಷೆಗೆ ನನ್ನ ಹತ್ತಿರ ಒಂದು ಹಲಗೆ ಇತ್ತು. ಈಗಲೂ ಇದೆ. ಅದನ್ನು ಹಿಂದಕ್ಕೆ ಓರೆಯಾಗಿ ಒರಗಿಸಿ, ಮೇಲೆ ದಿನಪತ್ರಿಕೆಯ ಒಂದು ಹಾಳೆ ಅಂಟಿಸಿ, ನಡುವೆ ಅಡ್ಡಲಾಗಿ ಕೆಂಪು ಗೆರೆ ಎಳೆದಿದ್ದೆ. ಗೆರೆಗೆ ಗುರಿಯಿಟ್ಟು ಕ್ಲಿಕ್ಕಿಸಿದರೆ ಗೆರೆಯೇ ಸ್ಪಷ್ಟವಾಗಿ ಬರಬೇಕು. ಕೆಳಗಿನ ಅಕ್ಷರಗಳು ಸ್ಪಷ್ಟವಾದರೆ ಫೋಕಸ್ ಮುಂದೆ ಬಿದ್ದಿದೆ ಎಂದರ್ಥ, ಮೇಲಿನವು ಸ್ಪಷ್ಟವಾದರೆ ಹಿಂದೆ. ರೈಲು ಬಂದರೆ ಮೇಜು ನಡುಗುತ್ತದೆ, ಆಗೆಲ್ಲ ಕೈಕಟ್ಟಿ ಕೂತು ಅದು ಹೋಗುವವರೆಗೆ ಕಾಯಬೇಕು.

ಅಕ್ಕ ಸತ್ತಿದ್ದು ಕಾಮಾಲೆಯಿಂದ. ವಿಮಲ ಅವಳ ಹೆಸರು, ಅದು ನಿನಗೆ ಗೊತ್ತು. ಹಗರೆಯ ಪುಟ್ಟರಾಜು ಭಾವನ ಮನೆಗೆ ಸೊಸೆಯಾಗಿ ಹೋಗಿ ಹೆಚ್ಚು ವರ್ಷವೇನೂ ಆಗಿರಲಿಲ್ಲ, ಮಕ್ಕಳೂ ಆಗಿರಲಿಲ್ಲ. ವರ್ಷದ ತಿಥಿಗೆ ಭಾವ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಹಾಕಿಸಿದರು, ಅಕ್ಕನ ಫೋಟೋ ಸಮೇತ. ಅದು ನಾನೇ ತೆಗೆದ ಫೋಟೋ, ಭಾವನ ಮನೆಯ ಗೋಡೆಯ ಪಟವೂ ಅದೇ. ಯುಗಾದಿಗೆ ಬಂದಿದ್ದಾಗ ಅಂಗಳದ ಬೆಳಕಿನಲ್ಲಿ ಕೂರಿಸಿ, ‘ಅಲ್ಲಿ ಇಲ್ಲಿ ನೋಡ್ಬೇಡ ಕಣೇ, ನನ್ನೇ ನೋಡು’ ಎಂದು ಗದರಿ ತೆಗೆದದ್ದು. ಆ ಹಾಳೆಯನ್ನು ರದ್ದಿಗೆ ಹಾಕಲು ಮನಸ್ಸು ಬರಲಿಲ್ಲ. ಕಟ್ಟು ಹಾಕಿಸಲು ಅದು ಬರೀ ಪೇಪರ್ ತುಂಡು. ಹಾಗಾಗಿ ಹಲಗೆಗೆ ಅಂಟಿಸಿದೆ, ಕೆಲಸ ಮಾಡುವಾಗ ಕಣ್ಣ ಮುಂದೆ ಇರಲಿ ಎಂದು. ಅಕ್ಕನ ಮುಖ ಕೆಂಪು ಗೆರೆಯ ಮೇಲ್ಗಡೆ ಬಂತು, ಅಂದರೆ ಗೆರೆಗಿಂತ ಹಿಂದೆ. ಲೆನ್ಸು ಸರಿಯಿದ್ದರೆ ಅಕ್ಕ ಸ್ವಲ್ಪ ಮಸುಕು. ದಿನವೂ ಹಾಗೆ ಅವಳನ್ನು ಮಸುಕು ಮಾಡಿಯೇ ನಾನು ಕೆಲಸ ಮುಗಿಸುತ್ತಿದ್ದೆ.

ಇನ್ನೊಂದು ವಿಷಯವಿದೆ. ಅದನ್ನು ಬಿಟ್ಟು ಬರೆದರೆ ಇಡೀ ತಪ್ಪೊಪ್ಪಿಗೆಯೇ ಬೂಟಾಟಿಕೆ.

ಅಕ್ಕ ಹೋದ ಮೇಲೆ ನೆಂಟರು ಬಂದು ಹೋಗುವಾಗಲೆಲ್ಲ ಒಂದು ಮಾತು ಆಡುತ್ತಿದ್ದರು. ತಂಗಿಯನ್ನೇ ತಂದುಕೊಂಡರೆ ಆಯಿತಲ್ಲ, ಮನೆ ಮನೆಯಲ್ಲೇ ಉಳಿಯುತ್ತದೆ ಎಂದು. ನನಗೆ ಸಿಟ್ಟು ಬರುತ್ತಿತ್ತು. ಅಕ್ಕನ ಚಿತೆ ಆರುವ ಮೊದಲೇ ಇದೇನು ಮಾತು ಎಂದು ಒಬ್ಬರ ಮೇಲೆ ಹರಿಹಾಯ್ದೂ ಇದ್ದೆ. ಆದರೆ ಆ ಮಾತು ಕಿವಿಯೊಳಗೆ ಬಿದ್ದದ್ದು ಬಿದ್ದೇ ಇತ್ತು. ಭಾವ ಒಳ್ಳೆಯ ಮನುಷ್ಯ, ಮೆಲುದನಿಯವರು. ತಿಥಿಗೆ ಹೋದಾಗ ಅವರ ಮನೆಯ ಹಿತ್ತಿಲಿನಲ್ಲಿ ನಿಂತು, ಇಲ್ಲೊಂದು ಕೋಣೆ ಕಟ್ಟಿಸಿದರೆ ನನ್ನ ಮೇಜು ಹಿಡಿಸುತ್ತದೆ ಎಂದು ಲೆಕ್ಕ ಹಾಕಿದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳುತ್ತಾರೆ ಎಂದು ಕಾದಿದ್ದೆ—ಕಾಯುತ್ತಿದ್ದೇನೆಂದು ನನಗೇ ಒಪ್ಪಿಕೊಳ್ಳದೆ ಕಾದಿದ್ದೆ. ಆಗ ಸುದ್ದಿ ಬಂತು, ಹಳೇಬೀಡಿನ ಕಡೆ ಹೆಣ್ಣು ನೋಡಿದ್ದಾರೆ, ಒಪ್ಪಿಗೆಯಾಗಿದೆ ಎಂದು.

ಆ ವಾರವೇ ಗಂಡಸಿಯ ನಂಜುಂಡಿ ಕ್ಯಾಮೆರಾ ತಂದ. ಅವನನ್ನು ಫೋಟೋಗ್ರಾಫರ್ ಎನ್ನುವುದಕ್ಕಿಂತ ಹುಚ್ಚ ಎನ್ನಬೇಕು. ಫ್ಲ್ಯಾಶ್ ಎಂದರೆ ಅವನಿಗೆ ಆಗುತ್ತಿರಲಿಲ್ಲ, ಕಿಟಕಿಯ ಬೆಳಕೇ ಬೇಕು. ಅದಕ್ಕೆಂದು ಒಂದು ಒಳ್ಳೆಯ ಲೆನ್ಸು ಕೊಂಡಿದ್ದ. ಮಬ್ಬು ಬೆಳಕಿನಲ್ಲೂ ತೆಗೆಯಬಲ್ಲದ್ದು. ಆದರೆ ಅಂಥ ಲೆನ್ಸು ಪೂರ್ತಿ ತೆರೆದುಕೊಂಡಾಗ ಒಂದು ತೆಳ್ಳನೆಯ ಪದರ ಮಾತ್ರ ಸ್ಪಷ್ಟವಾಗುತ್ತದೆ. ಅದರ ಮುಂದಿರುವುದೂ ಹಿಂದಿರುವುದೂ ಕರಗಿಹೋಗುತ್ತದೆ.

“ಕಣ್ಗೆ ಇಟ್ರೆ ಮೂಗ್ ಹಿಡೀತೈತೆ ಕಣಕ್ಕ,” ಎಂದ. “ಭಾನುವಾರ ಹಗರೇಲಿ ನಿಮ್ ಭಾವಂದೇ ನಿಶ್ಚಿತಾರ್ಥ. ಅಷ್ಟೊತ್ಗೆ ಸರಿ ಮಾಡ್ಕೊಟ್ಬಿಡು.”

ಅವನು ನಿರ್ಮಲ ಮನಸ್ಸಿನಿಂದ ಹೇಳಿದ. ನನ್ನ ಮುಖ ಹೇಗಾಗಿತ್ತೋ, ಅವನು ನೋಡಲಿಲ್ಲ.

ಸರಿ ಮಾಡಿದೆ. ಅದನ್ನು ಮೊದಲು ಹೇಳಬೇಕು. ಆ ಮಧ್ಯಾಹ್ನ ಕೂತು, ರೈಲುಗಳು ಹೋಗುವುದನ್ನು ಕಾಯುತ್ತ, ಲೆನ್ಸನ್ನು ಪೂರ್ತಿ ಸರಿ ಮಾಡಿದೆ. ಕೆಂಪು ಗೆರೆ ಕೂದಲಿನಷ್ಟು ಸ್ಪಷ್ಟವಾಗಿ ಬಂತು. ಮೇಲೆ ಅಕ್ಕ ಎಂದಿನಂತೆ ಮಸುಕು. ಕ್ಯಾಮೆರಾವನ್ನು ಚೀಲಕ್ಕೆ ಹಾಕಲು ಎತ್ತಿಕೊಂಡೆ. ಪರದೆಯ ಮೇಲೆ ಆ ಫೋಟೋ ಹಾಗೇ ಇತ್ತು. ಆಗ ಅನ್ನಿಸಿದ್ದು—ಭಾನುವಾರವೂ ಹೀಗೇ ಆಗುತ್ತದೆ. ಮುಂದೆ ಕೂತವಳು ಸ್ಪಷ್ಟ, ಹಿಂದೆ ಇರುವವಳು ಮಸುಕು.

ಭಾವನ ಮನೆಯ ಪದ್ಧತಿ ನನಗೆ ಗೊತ್ತಿತ್ತು. ಅವರ ಚಿಕ್ಕಪ್ಪನ ಎರಡನೆಯ ಮದುವೆಯಲ್ಲಿ ನೋಡಿದ್ದೆ, ಅಲ್ಲಿಯೂ ಫೋಟೋ ತೆಗೆದವನು ನಂಜುಂಡಿಯೇ. ಮೊದಲ ಹೆಂಡತಿಯ ಪಟವನ್ನು ಗೋಡೆಯಿಂದ ಇಳಿಸಿ, ಒರೆಸಿ, ಹೂ ಮುಡಿಸಿ ಕುರ್ಚಿಯ ಮೇಲಿಡುತ್ತಾರೆ. ಅವಳಿಗೆ ಎಡೆ ಹಾಕುತ್ತಾರೆ. ಅವಳ ಮುಂದೆ, ಅವಳಿಗೆ ಬೆನ್ನು ಮಾಡಿ, ಒಂದು ಮೊಳ ಜಾಗ ಬಿಟ್ಟು ಹೊಸ ಹುಡುಗಿಯನ್ನು ಮಣೆಯ ಮೇಲೆ ಕೂರಿಸುತ್ತಾರೆ, ಸತ್ತವಳ ಮಡಿಲಲ್ಲಿ ಕೂರಿಸಿದ ಹಾಗೆ. ಆ ಮನೆಯ ನಡುಮನೆಯ ಬೆಳಕು ಎಷ್ಟಿರುತ್ತದೆ, ನಂಜುಂಡಿ ಯಾವ ಕಂಬಕ್ಕೆ ಒರಗಿ ನಿಲ್ಲುತ್ತಾನೆ, ಅಲ್ಲಿಂದ ಮಣೆ ಎಷ್ಟು ದೂರ, ಮಣೆಯಿಂದ ಕುರ್ಚಿ ಎಷ್ಟು ಹಿಂದೆ—ಎಲ್ಲ ನನ್ನ ತಲೆಯಲ್ಲಿತ್ತು. ನನಗೆ ಬರುವುದು ಅದೊಂದೇ ಲೆಕ್ಕ.

ಹಲಗೆಯನ್ನು ಮೇಜಿನಿಂದ ಇಳಿಸಿ ಅಷ್ಟೇ ದೂರಕ್ಕೆ ಒಯ್ದು ಕುರ್ಚಿಯ ಮೇಲೆ ಇಟ್ಟೆ. ಅದರ ಮುಂದೆ, ಮೊಳದಷ್ಟು ಜಾಗ ಬಿಟ್ಟು, ನೀರಿನ ತಂಬಿಗೆಯನ್ನು ಸ್ಟೂಲಿನ ಮೇಲೆ ಇಟ್ಟೆ. ತಂಬಿಗೆ ನೀನು. ತಂಬಿಗೆಗೆ ಗುರಿಯಿಟ್ಟು ಕ್ಲಿಕ್ಕಿಸುವುದು, ಪರದೆಯಲ್ಲಿ ನೋಡುವುದು, ಸೆಟ್ಟಿಂಗನ್ನು ಹಿಂದಕ್ಕೆ ಸರಿಸುವುದು, ಮತ್ತೆ ಕ್ಲಿಕ್ಕಿಸುವುದು. ತಂಬಿಗೆ ನಿಧಾನವಾಗಿ ಕರಗತೊಡಗಿತು. ಅಕ್ಕನ ಹಣೆ ಬಂತು, ಬೊಟ್ಟು ಬಂತು. ಪೇಪರಿನ ಫೋಟೋ ಎಂದರೆ ಬರೀ ಚುಕ್ಕೆಗಳು, ಗೊತ್ತಲ್ಲ. ಕಣ್ಣಿನ ಒಂದೊಂದು ಚುಕ್ಕೆ ಬೇರೆಬೇರೆಯಾಗಿ ಕಾಣುವವರೆಗೆ ಸರಿಸಿದೆ. ಆಗ ಒಂದು ಗೂಡ್ಸ್ ರೈಲು ಬಂತು. ನೆಲ ನಡುಗಿತು, ತಂಬಿಗೆಯ ನೀರು ನಡುಗಿತು, ಹಲಗೆ ಕುರ್ಚಿಯ ಬೆನ್ನಿಗೆ ಟಕಟಕ ಬಡಿಯಿತು. ಪರದೆಯ ಮೇಲೆ ಅಕ್ಕ ಅಲ್ಲಾಡದೆ ನನ್ನನ್ನೇ ನೋಡುತ್ತಿದ್ದಳು. ನನಗೆ ಹೆದರಿಕೆಯಾಗಲಿಲ್ಲ. ಈಗ ಹೆದರಿಕೆಯಾಗುವುದು ಆ ದಿನ ಹೆದರಿಕೆಯಾಗಲಿಲ್ಲವಲ್ಲ ಎಂದೇ.

ಮದುವೆ ಮುರಿಯಬೇಕೆಂದು ಮಾಡಿದೆನೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಕ್ಕ ಒಂದು ದಿನವಾದರೂ ಅವಳ ಮನೆಯಲ್ಲಿ ಮಸುಕಾಗದೆ ಇರಲಿ ಎಂದುಕೊಂಡೆ, ನಿಜ. ಹೊಸ ಹುಡುಗಿಯ ಮುಖ ಹಾಳಾಗಲಿ ಎಂದುಕೊಂಡದ್ದೂ ನಿಜ. ಮುರಿಯುವಷ್ಟು ದೂರ ನಾನು ಯೋಚಿಸಲಿಲ್ಲ ಎಂದು ಬರೆಯಹೊರಟೆ—ಹೊಡೆದು ಹಾಕಿದೆ. ಯೋಚಿಸಿರಲಿಲ್ಲವೋ, ಯೋಚಿಸಿದ್ದನ್ನು ನೋಡಲಿಲ್ಲವೋ ನನಗೆ ಖಚಿತವಿಲ್ಲ.

ಆ ಭಾನುವಾರ ನಾನೂ ಅಲ್ಲಿದ್ದೆ, ನಿನಗೆ ನೆನಪಿರಬಹುದು. ಅಮ್ಮನ ಪಕ್ಕದಲ್ಲಿ, ಬಾಗಿಲ ಹತ್ತಿರ. ನೀನು ಎಲೆಹಸಿರು ಸೀರೆ ಉಟ್ಟಿದ್ದೆ. ಎಡೆ ಹಾಕಿದ ಮೇಲೆ ಭಾವನ ಸೋದರತ್ತೆ ಕೈಮುಗಿದು, ಒಪ್ಪಿಗೆಯಿದ್ದರೆ ಬಲಗಡೆ ಹೂ ಕೊಡು ತಾಯಿ ಎಂದು ಪಟದ ಮುಂದೆ ಬೇಡಿಕೊಂಡರು. ಪಟಕ್ಕೆ ಮುಡಿಸಿದ್ದ ಸೇವಂತಿಗೆ ಜಾರಿ ಬಲಗಡೆಗೇ ಬಿತ್ತು. ಆ ಹೂವನ್ನು ಎತ್ತಿ ನಿನ್ನ ಮುಡಿಗಿಟ್ಟರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ವಿಮಲ ಒಪ್ಪಿದಳು ಎಂದಳು.

ಅಕ್ಕ ಒಪ್ಪಿದ್ದಳು, ಸುಮಿತ್ರಾ. ಅಂಥದ್ದರಲ್ಲಿ ನಂಬಿಕೆ ಇರುವವರ ಪ್ರಕಾರ ಅವಳು ಒಪ್ಪಿಯಾಗಿತ್ತು. ಒಪ್ಪದವಳು ಬಾಗಿಲ ಹತ್ತಿರ ಕೂತಿದ್ದಳು. ಕಂಬಕ್ಕೆ ಒರಗಿ ನಂಜುಂಡಿ ಕ್ಲಿಕ್ಕಿಸುತ್ತಲೇ ಇದ್ದ. ಅವನ ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಸಣ್ಣದರಲ್ಲಿ ತಪ್ಪು ತಿಳಿಯುವುದಿಲ್ಲ. ಆಗ ಎದ್ದು ಹೋಗಿ ಅವನ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಎದ್ದು ಹೋಗಿ ಕೋಸಂಬರಿ ಬಡಿಸಿದೆ.

ಆಲ್ಬಂ ನಿಮ್ಮ ಮನೆಗೆ ಬಂದ ದಿನದ ಕತೆಯನ್ನು ನಂಜುಂಡಿಯೇ ಹೇಳಿದ. ಲ್ಯಾಬಿನವರು ಕಟ್ಟಿ ಕಳಿಸಿದ್ದನ್ನು ಅವನೂ ಬಿಚ್ಚಿ ನೋಡಿರಲಿಲ್ಲವಂತೆ. ನಿನ್ನ ಅಜ್ಜಿ ಮೊದಲು ತೆಗೆದುಕೊಂಡರಂತೆ. ಮೊದಲಿನ ಹಾಳೆಗಳು ಬೇರೆ ಲೆನ್ಸಿನವು, ನೆಂಟರು ಊಟದವರು, ಅವೆಲ್ಲ ಚೆನ್ನಾಗಿದ್ದವು. ಆಮೇಲೆ ಮಣೆಯ ಫೋಟೋಗಳು ಬಂದವು. ಅಜ್ಜಿ ಒಂದು ಹಾಳೆ ತಿರುವಿದರು, ಇನ್ನೊಂದು ತಿರುವಿದರು, ಮತ್ತೆ ಹಿಂದಕ್ಕೆ ಬಂದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಎಲ್ಲದರಲ್ಲೂ ಅದೇ. ಹಸಿರು ಸೀರೆ ಗೊತ್ತಾಗುತ್ತದೆ, ಮುಖವಿಲ್ಲ. ಭುಜದ ಹಿಂದಿನಿಂದ ಅಕ್ಕ ನೋಡುತ್ತಿದ್ದಾಳೆ.

“ನಮ್ ಮಗೀನ ಮಕ ಎಲ್ಲೋಯ್ತ್ಲಾ?” ಎಂದು ಕೇಳಿದರಂತೆ. ಅಷ್ಟೇ.

ಆದರೆ ನಿನ್ನ ತಂದೆ ದುಡುಕುವವರಲ್ಲ. ಹೂ ಬಲಕ್ಕೆ ಬಿದ್ದದ್ದನ್ನು ಕಣ್ಣಾರೆ ನೋಡಿದ್ದರು. ಮಿಷನ್ನಿನದೇ ಏನಾದರೂ ಇರಬಹುದು, ಬಲ್ಲವರ ಹತ್ತಿರ ತೋರಿಸೋಣ ಎಂದು ನಂಜುಂಡಿಯನ್ನು ಹಿಂದೆ ಹತ್ತಿಸಿಕೊಂಡು ಗಾಡಿಯಲ್ಲಿ ಅರಸೀಕೆರೆಗೆ ಬಂದರು. ಬಲ್ಲವಳು ಎಂದರೆ ನಾನೇ. ಈ ಸೀಮೆಯಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ಒಬ್ಬಳೇ ಒಬ್ಬಳ ಹತ್ತಿರ ಅವರು ಸರಿಯಾಗಿಯೇ ಬಂದಿದ್ದರು.

ಆಲ್ಬಂ ಬಿಚ್ಚಿ ನನ್ನ ಮೇಜಿನ ಮೇಲೆ ಇಟ್ಟರು. ನಾನು ನೋಡಿದೆ. ಅಕ್ಕನ ಆ ಫೋಟೋ ತೆಗೆದವಳು ನಾನು, ನನ್ನನ್ನೇ ನೋಡು ಎಂದಿದ್ದೆನಲ್ಲ—ಅವಳು ನಿನ್ನ ಭುಜದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಹಾಳೆ ತಿರುವಿದರೂ ನನ್ನನ್ನೇ. ಕ್ಯಾಮೆರಾ ಕೊಡು ಎಂದು ನಂಜುಂಡಿಯಿಂದ ಇಸಿದುಕೊಂಡು, ಗಾಜು ಒರೆಸುವ ನೆಪದಲ್ಲಿ ಬಾಗಿಲಿನ ಪರದೆಯ ಆಚೆ ಹೋಗಿ, ಸೆಟ್ಟಿಂಗನ್ನು ಮೊದಲಿನ ಸರಿಯಾದ ಜಾಗಕ್ಕೆ ತಂದೆ. ಬೆರಳು ತಾನಾಗಿಯೇ ಮಾಡಿತು ಎನ್ನಲಾರೆ. ನಾನೇ ಮಾಡಿದೆ.

ಹೊರಗೆ ಬಂದಾಗ ನಿನ್ನ ತಂದೆ ಟವೆಲ್ಲನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದರು.

“ನಿಜ ಹೇಳವ್ವಾ. ಈ ಮಿಸೀನಲ್ಲಿ ಏನಾರ ಐಬು ಐತಾ? ಐತೆ ಅಂದ್ರೆ ಇವತ್ತೇ ಹೋಗಿ ಬೀಗರಿಗೂ ಹೇಳ್ತೀನಿ, ನಮ್ಮವ್ವಂಗೂ ಹೇಳ್ತೀನಿ. ಮಗಿ ಮೂರ್ದಿನದಿಂದ ಉಂಡಿಲ್ಲ.”

“ಲೆನ್ಸಲ್ಲಿ ಏನೂ ದೋಷ ಇಲ್ಲ ಗೌಡ್ರೇ,” ಎಂದೆ. “ಬೇಕಾದ್ರೆ ನೀವೇ ನೋಡಿ.”

ತೋರಿಸಿಯೂ ಬಿಟ್ಟೆ. ಹಲಗೆಯನ್ನು ಮೇಜಿನ ಮೇಲೆ ಒರಗಿಸಿ, ಕೆಂಪು ಗೆರೆಗೆ ಗುರಿಯಿಟ್ಟು, ಅವರ ಕಣ್ಣೆದುರೇ ಕ್ಲಿಕ್ಕಿಸಿ ಪರದೆಯಲ್ಲಿ ತೋರಿಸಿದೆ. ಗೆರೆ ಸ್ಪಷ್ಟ, ಹಿಂದೆ ಇದ್ದ ಅಕ್ಕ ಮಸುಕು. ಮತ್ತೆ ತೆಗೆದೆ, ಮತ್ತೆ ಹಾಗೇ. ನಂಜುಂಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಜನ ದೆವ್ವ ಇದೆ ಎನ್ನುತ್ತಾರೆ, ಇಲ್ಲ ಎನ್ನುತ್ತಾರೆ, ಯಾರೂ ತೋರಿಸಿಕೊಡುವುದಿಲ್ಲ. ನಾನು ಮಾತ್ರ ಹಾಡಹಗಲಿನಲ್ಲಿ, ಲೈಟು ಹಾಕಿ, ಸಾಕ್ಷಿಯ ಸಮೇತ ತೋರಿಸಿದೆ.

ನಿನ್ನ ತಂದೆ ಹಲಗೆಯ ಹತ್ತಿರ ಬಗ್ಗಿ ನೋಡಿದರು. ಅಲ್ಲಿರುವುದು ಯಾರ ಮುಖವೆಂದು ಗುರುತು ಹಿಡಿದರೋ ಏನೋ. ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಆಯ್ತು ಬಿಡವ್ವ. ನಿಂಗೂ ಸಂಕಟವೇ, ನಿಮ್ಮಕ್ಕ ಅಲ್ವಾ,” ಎಂದರು. ಹೊರಗೆ ಗಾಡಿ ಚಾಲೂ ಆಗುವುದಕ್ಕೆ ಸ್ವಲ್ಪ ತಡವಾಯಿತು. ನಾನು ಒಳಗೇ ನಿಂತು ಅದನ್ನು ಕೇಳಿಸಿಕೊಂಡೆ.

ಮಾತು ಮುರಿದದ್ದು, ನಿಮ್ಮ ಮನೆಯವರು ಒಡವೆ ಸೀರೆ ಹಿಂದಕ್ಕೆ ಕಳಿಸಿದ್ದು, ಅದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಸುದ್ದಿ ಬೇಲೂರಿನಿಂದ ಇತ್ತ ಗಂಡಸಿಯವರೆಗೆ ಹರಡಿತು. ಸತ್ತವಳು ಹುಡುಗಿಯ ಬೆನ್ನು ಹತ್ತಿದ್ದಾಳೆ ಎಂದರು. ನಿನ್ನನ್ನು ನೋಡಲು ಬರಬೇಕಾಗಿದ್ದ ಬೇರೆ ಕಡೆಯವರು ಬಸ್ ಸ್ಟ್ಯಾಂಡಿನಲ್ಲೇ ವಿಷಯ ಕೇಳಿ ಹಿಂದಕ್ಕೆ ಹೋದರು ಎಂದೂ ಕೇಳಿದೆ. ನಂಜುಂಡಿಯನ್ನು ಶುಭಕಾರ್ಯಕ್ಕೆ ಕರೆಯುವುದು ನಿಂತಿತು. ಅವನು ಆ ಲೆನ್ಸನ್ನು, ಮನೆಯಲ್ಲಿ ಇಟ್ಟುಕೊಳ್ಳಲು ಹೆಂಡತಿ ಬಿಡುತ್ತಿಲ್ಲವೆಂದು, ನನ್ನ ಹತ್ತಿರವೇ ಬಿಟ್ಟು ಹೋದ.

ಸ್ವಲ್ಪ ಕಾಲದ ಮೇಲೆ ಭಾವನ ಮನೆಯ ಹಿರಿಯರು ನಮ್ಮ ಮನೆಗೆ ಬಂದರು. ತಂಗಿಯಾದರೆ ವಿಮಲ ಬೇಡ ಎನ್ನುವುದಿಲ್ಲ ಎಂದರು. ನಾನು ಎಷ್ಟು ಕಾದಿದ್ದ ಮಾತು ಅದು. ಅಮ್ಮ ನನ್ನ ಮುಖ ನೋಡಿದಳು. ಆಗ ನನ್ನ ಕಣ್ಣ ಮುಂದೆ ಬಂದದ್ದು ಮಣೆ, ಅದರ ಹಿಂದೆ ಒಂದು ಮೊಳ ದೂರದಲ್ಲಿ ಕುರ್ಚಿ. ಆ ಪಟಕ್ಕೆ ಬೆನ್ನು ಮಾಡಿ ಕೂರಲು ನನ್ನಿಂದ ಸಾಧ್ಯವಿರಲಿಲ್ಲ. ಮದುವೆಯೇ ಬೇಡ ಎಂದೆ. ಭಾವನೂ ಮತ್ತೆ ಮದುವೆಯಾಗಲಿಲ್ಲ. ನಾವು ಮೂರು ಜನ ಮೂರು ಊರಿನಲ್ಲಿ ಒಂಟಿಯಾಗಿ ಉಳಿದೆವು, ನಾನು ಹೇಳಿದ ಒಂದು ಮಾತಿನಿಂದ.

ಹಲಗೆಯ ಮೇಲೆ ಬೇರೆ ಹಾಳೆ ಅಂಟಿಸಿದೆ. ಕಿತ್ತು ಹಾಕಲು ಧೈರ್ಯ ಬರಲಿಲ್ಲ, ಮೇಲೆಯೇ ಅಂಟಿಸಿದೆ. ಪೇಪರು ತೆಳು. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ, ಮೇಲಿನ ಹಾಳೆಯ ಅಕ್ಷರಗಳ ಹಿಂದೆ ಒಂದು ಕಪ್ಪು ಮುಖ ಮೂಡುತ್ತದೆ. ಇನ್ನೊಂದು ಹಾಳೆ ಅಂಟಿಸಿದೆ. ಆಗಲೂ ಮೂಡುವಂತೆ ನನಗೆ ಕಾಣುತ್ತದೆ, ಬೇರೆಯವರಿಗೆ ಕಾಣುತ್ತದೋ ಇಲ್ಲವೋ ಕೇಳಿಲ್ಲ. ಯಾರ ಫೋಟೋ ತೆಗೆದರೂ ಮೊದಲು ಅವರ ಹಿಂದೆ ನೋಡುವುದು ಅಭ್ಯಾಸವಾಯಿತು. ಬೋಳು ಗೋಡೆ, ನೀಲಿ ಬಟ್ಟೆ, ಅಷ್ಟೇ ಇರುತ್ತದೆ. ಆದರೂ ನೋಡುತ್ತೇನೆ. ಎಷ್ಟೋ ಸಲ, ಕೂತವರು ನಾನೇನು ನೋಡುತ್ತಿದ್ದೇನೆಂದು ಹಿಂದಿರುಗಿ ನೋಡಿದ್ದೂ ಇದೆ.

ಈಗ ಕನ್ನಡಿಯಿಲ್ಲದ ಕ್ಯಾಮೆರಾಗಳು ಬಂದಿವೆ, ಅವು ಕಣ್ಣನ್ನು ತಾವೇ ಹುಡುಕಿ ಹಿಡಿಯುತ್ತವೆ. ನನ್ನ ಆ ವಿದ್ಯೆ ಯಾರಿಗೂ ಬೇಡವಾಗಿದೆ. ಇದನ್ನೆಲ್ಲ ಮುಚ್ಚಿಟ್ಟು ಸತ್ತುಹೋಗಬಹುದಿತ್ತು. ಆದರೆ ಮೊನ್ನೆ ನೀನು ಬಂದೆ.

ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದಾಗ ನನಗೆ ಗುರುತು ಸಿಗಲಿಲ್ಲ. ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಬೇಕು, ಫೋಟೋ ಬೇಕು ಎಂದೆ ನೀನು. ನಾನು ಹೆಸರು ಕೇಳಿದೆ. ನೀನು ಹೆಸರು ಹೇಳಿ, ಊರು ಹೇಳಿ, ನನಗೆ ತಿಳಿಯಿತೆಂದು ನಿನಗೂ ತಿಳಿದ ಮೇಲೆ ನಕ್ಕೆ.

“ಆಧಾರ್ ಪಟ ಬಿಡಿ, ಅದು ಯಾರ್ದೂ ನೆಟ್ಟಗಿರಲ್ಲ. ಅವತ್ತಿಂದ ಬೇರೆ ಎಲ್ಲೂ ನಾನು ಪಟಕ್ಕೆ ಕೂತಿಲ್ಲ ಅಕ್ಕಾ. ಮೊಬೈಲ್ ಎತ್ತಿದ್ರೂ ಸೆರಗು ಅಡ್ಡ ಹಿಡಿತೀನಿ. ನಿಮ್ಮತ್ರ ಆದ್ರೆ ನಿಮ್ಮಕ್ಕ ಜಾಗ ಬಿಡ್ತಾರೆ ಅಂತ ಬಂದೆ. ಒಡಹುಟ್ಟಿದವ್ರಲ್ವಾ ನೀವು.”

ಸ್ಟೂಲಿನ ಮೇಲೆ ಕೂತು ನೀನು ಕೇಳಿದ್ದು ಒಂದೇ. “ಹಿಂದೆ ಗೋಡೆ ಖಾಲಿ ಐತಾ?”

ಖಾಲಿ ಇದೆ ಎಂದೆ ನಾನು. ನನ್ನ ದನಿಯಲ್ಲಿ ಏನನ್ನು ಕೇಳಿಸಿಕೊಂಡೆಯೋ, ನೀನೇ ನನಗೆ ಸಮಾಧಾನ ಹೇಳತೊಡಗಿದೆ. ಥೇಟ್ ನಿನ್ನ ತಂದೆಯ ಹಾಗೆ.

“ನೀವು ಕೊರಗ್ಬೇಡಿ ಅಕ್ಕಾ. ಮೊದಮೊದ್ಲು ಹೆದ್ರಿಕೆ ಆಗೋದು. ಈಗ ಅವ್ರು ನನ್ ಜೊತೇಲಿ ಇಲ್ಲ ಅಂದ್ರೆ ಮನೆ ಬಣಬಣ ಅಂತೈತೆ. ಹಿರಿಯರ ಹಬ್ಬದಲ್ಲಿ ತಪ್ಪಿಸಲ್ಲ, ಸೀರೆ ಇಟ್ಟು ಎಡೆ ಹಾಕ್ತೀನಿ. ಒಬ್ಬಟ್ಟು ಮಾಡ್ತೀನಿ. ಅವ್ರಿಗೆ ಇಷ್ಟ ಅಲ್ವಾ ಒಬ್ಬಟ್ಟು?”

ಹೌದು ಎಂದೆ.

ಹೊಸ ಕ್ಯಾಮೆರಾ ಅಲ್ಲೇ ಸ್ಟ್ಯಾಂಡಿನ ಮೇಲಿತ್ತು. ನಾನು ಅದನ್ನು ಬಿಟ್ಟು ಒಳಗೆ ಹೋಗಿ, ಬೀರುವಿನಿಂದ ನಂಜುಂಡಿಯ ಲೆನ್ಸು ತೆಗೆದು ಹಳೆಯ ಕ್ಯಾಮೆರಾಕ್ಕೆ ಹಾಕಿ ತಂದೆ. ಯಾಕೆಂದು ಕೇಳಬೇಡ. ನಿನ್ನ ಬಲಗಣ್ಣಿಗೆ ಗುರಿಯಿಟ್ಟೆ. ಹೊರಗೆ ರೈಲು ಬರುವ ಸದ್ದಾಯಿತು. ಇಬ್ಬರೂ ಸುಮ್ಮನೆ ಕೂತೆವು, ಅದು ಹೋಗುವವರೆಗೆ. ನೆಲ ನಡುಗುತ್ತಿತ್ತು, ನೀನು ರೆಪ್ಪೆ ಹೊಡೆಯದೆ ಕ್ಯಾಮೆರಾ ನೋಡುತ್ತಿದ್ದೆ. ಸದ್ದು ನಿಂತ ಮೇಲೆ ಕ್ಲಿಕ್ಕಿಸಿ, ಪರದೆಯ ಮೇಲೆ ದೊಡ್ಡದು ಮಾಡಿದೆ.

ನಿನ್ನ ಮುಖ ಬಂದಿತ್ತು. ಬಲ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತು, ಕಣ್ಣ ಕೆಳಗೆ ಸಣ್ಣ ಗೆರೆಗಳು, ಕಿವಿಯ ಹತ್ತಿರ ಆಗಲೇ ಬೆಳ್ಳಗಾದ ಕೂದಲು. ನಿಶ್ಚಿತಾರ್ಥದ ದಿನ ನಿನ್ನನ್ನು ಎದುರಿಗೇ ನೋಡಿದ್ದವಳು ನಾನು. ಆದರೆ ಇಷ್ಟು ವರ್ಷ ನನ್ನ ತಲೆಯಲ್ಲಿ ಉಳಿದದ್ದು ಆಲ್ಬಮ್ಮಿನ ಆ ಮಸುಕೇ. ನಾನು ಯಾರ ಬದುಕನ್ನು ಕೆಡಿಸಿದೆನೋ ಅವಳಿಗೆ ಒಂದು ಮುಖವಿದೆ ಎನ್ನುವುದು ಅವತ್ತು ಮೊದಲ ಸಲ ಕಣ್ಣಿಗೆ ಕಂಡಿತು.

“ಹಿಂದೆ ಬಂದವ್ರಾ?” ಎಂದು ನೀನು ಕೂತಲ್ಲಿಂದಲೇ ಕೇಳಿದೆ.

“ಇಲ್ಲ,” ಎಂದೆ ನಾನು. “ಯಾರೂ ಬಂದಿಲ್ಲ. ನೀವೊಬ್ಬರೇ.”

ನೀನು ಹಗುರಾಗುತ್ತೀಯೆಂದು ಕಾದೆ. ನೀನು ನಿಧಾನವಾಗಿ ತಲೆ ಹಿಂದಕ್ಕೆ ತಿರುಗಿಸಿ ಬೋಳು ಗೋಡೆಯನ್ನು ನೋಡಿದೆ. “ಬರ್ಲಿಲ್ವಾ?” ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಯಾರಿಗೋ ಕಾದು ನಿಂತವರ ದನಿ ಅದು. ಫೋಟೋಗಳನ್ನು ಪರ್ಸಿನಲ್ಲಿ ಇಟ್ಟುಕೊಂಡು, ಬತ್ತೀನಿ ಅಕ್ಕಾ ಎಂದು ಹೊರಟೆ. ಮೆಟ್ಟಿಲು ಇಳಿಯುವಾಗಲೂ ಒಂದು ಸಲ ಹಿಂದೆ ನೋಡಿದೆ, ನನ್ನನ್ನಲ್ಲ.

ನಿನ್ನ ಮದುವೆ ಕಸಿದೆ ಎಂದುಕೊಂಡಿದ್ದೆ ನಾನು. ಅಷ್ಟೇ ಅಲ್ಲ. ಅದರ ಬದಲಿಗೆ ಇಲ್ಲದವಳೊಬ್ಬಳನ್ನು ನಿನ್ನ ಜೊತೆಗೆ ಕಳಿಸಿದೆ, ಅವಳ ಜೊತೆಯಲ್ಲೇ ನೀನು ಇಷ್ಟು ಕಾಲ ಬಾಳಿದೆ. ಈಗ ನಿಜ ಹೇಳಿದರೆ ಅವಳನ್ನೂ ಕಸಿಯುತ್ತೇನೆ. ಇದೇ ನೆಪ ಹಿಡಿದು ಸುಮ್ಮನಿದ್ದುಬಿಡೋಣ ಎಂದು ಈ ದಿನಗಳಲ್ಲಿ ಅನ್ನಿಸಿದೆ, ಪಾಪ ಅವಳಿಗೆ ಜೊತೆಯಿರಲಿ ಬಿಡು ಎಂದು. ನನ್ನ ಸುಳ್ಳಿಗೆ ಇಂಥ ಒಳ್ಳೆಯ ಮಾತುಗಳು ಯಾವಾಗಲೂ ಬೇಗ ಸಿಗುತ್ತವೆ.

ಹಿರಿಯರ ಹಬ್ಬಕ್ಕೆ ಮೊದಲು ಹಳೇಬೀಡಿಗೆ ಬರುತ್ತೇನೆ. ದಾರಿಯಲ್ಲಿ ಗಂಡಸಿಯಲ್ಲಿ ಇಳಿದು ನಂಜುಂಡಿಗೂ ಹೇಳಿ, ಅವನನ್ನೂ ಕರೆದುಕೊಂಡು ಬರುತ್ತೇನೆ. ನಿನ್ನ ತಂದೆಯ ಮುಂದೆಯೂ ಹೇಳುತ್ತೇನೆ. ಕ್ಯಾಮೆರಾ, ಆ ಲೆನ್ಸು, ಆ ಹಲಗೆ ಮೂರೂ ತರುತ್ತೇನೆ. ಮೇಲಿನ ಹಾಳೆಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿದ್ದೇನೆ, ಅಕ್ಕ ಸ್ವಲ್ಪ ಹರಿದಿದ್ದಾಳೆ, ಕಣ್ಣು ಉಳಿದಿದೆ. ಮುಂದೆ ತಂಬಿಗೆ ಇಡೋಣ. ಸೆಟ್ಟಿಂಗನ್ನು ನಿನ್ನ ಕೈಗೇ ಕೊಡುತ್ತೇನೆ, ನೀನೇ ಸರಿಸು. ಅವಳು ಬರುವುದನ್ನೂ ಹೋಗುವುದನ್ನೂ ನೋಡು. ಎಷ್ಟು ಸುಲಭವಾಗಿ ಬರುತ್ತಾಳೆ ಎಂಬುದು ನಿನಗೆ ತಿಳಿಯಬೇಕು. ಆಮೇಲೆ ನನಗೆ ಏನು ಅನ್ನುತ್ತೀಯೋ, ಬಾಗಿಲು ಹಾಕಿಕೊಳ್ಳುತ್ತೀಯೋ, ಅದು ನಿನ್ನ ಹಕ್ಕು. ಕ್ಷಮಿಸು ಎಂದು ಕೇಳುವುದಿಲ್ಲ.

ಇನ್ನೊಂದು ಸುಳ್ಳು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಎಲ್ಲ ತಿಳಿದ ಮೇಲೂ ಅವಳಿಗೆ ಎಡೆ ಹಾಕಬೇಕು ಎನ್ನಿಸಿದರೆ ಒಬ್ಬಟ್ಟು ಮಾಡಬೇಡ, ಸುಮಿತ್ರಾ. ಹುರುಳಿಕಾಳಿನ ಬಸ್ಸಾರು, ಬಿಸಿ ಮುದ್ದೆ ಇಡು. ಅಕ್ಕನಿಗೆ ಸಿಹಿ ಸೇರುತ್ತಲೇ ಇರಲಿಲ್ಲ.